ಹೆರಿಗೆ ವಾರ್ಡಿನಿಂದ ಕಣ್ಣಿನ ವಾರ್ಡಿಗೆ

ಲುಡಿವಿನಾ: ಎರಡು ವರ್ಷದ ಅನುಭವ ಎಲ್ಲಿಂದ ತರ್ಲಿ ಮೇಡಂ? ಅದೇನು ಸಂತೇಲಿ ಸಿಗೋ ಒಣಮೀನಾ, ಒಂದು ಕಟ್ಟು ಕೊಡಿ ಅಂತ ಕೇಳೋಕೆ?

ಪ್ರಿಮಿತಿವಾ: ನನ್ನ ಮೇಲೆ ಯಾಕೆ ರೇಗ್ತೀಯ ಇಂದಾಯ್, ನನ್ನ ತಂಗಿ? ಅರ್ಜೀಲೇ ಅಚ್ಚಾಗಿದೆ, ನೋಡು. ಕಣ್ಣಿನ ವಾರ್ಡಿಗೆ ಬರೋ ದಾದಿಗೆ ಕಣ್ಣಿನ ವಾರ್ಡಲ್ಲಿ ಎರಡು ವರ್ಷ ದುಡಿದ ಅನುಭವ ಇರ್ಬೇಕು.

ಲುಡಿವಿನಾ: ಸೇರಿಸ್ಕೊಂಡ್ರೆ ತಾನೆ ಅನುಭವ ಬರೋದು?

ಪ್ರಿಮಿತಿವಾ: ಅನುಭವ ಇದ್ರೆ ತಾನೆ ಸೇರಿಸ್ಕೊಳ್ಳೋದು?

ಲುಡಿವಿನಾ: ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ.

ಪ್ರಿಮಿತಿವಾ: ಅಷ್ಟೇ ವಿಷಯ. ಅರ್ಥ ಆಯ್ತಲ್ಲ, ಇನ್ನು ಹೊರಡು.

ಲುಡಿವಿನಾ ಹೊರಡಲಿಲ್ಲ. ಕುರ್ಚಿಯನ್ನು ಎಳೆದುಕೊಂಡು ಕುಳಿತಳು. ಕುಳಿತಾಗ ಎರಡು ಮಂಡಿಗಳೂ ಹಳೇ ಗಾಡಿಯ ಅಚ್ಚಿನಂತೆ ಕಿರ್ರೆಂದವು. ಇಲೊಯಿಲೊ ಎಂಬ ದ್ವೀಪಸೀಮೆಯ ಆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ನಿಂತೇ ದುಡಿದ ಮಂಡಿಗಳು ಅವು. ಹೀಗೇ ನಿಂತರೆ ಇನ್ನೊಂದು ವರ್ಷಕ್ಕೆ ಕೋಲೇ ಗತಿ ಎಂದು ಮೂಳೆ ಡಾಕ್ಟರು ಹೇಳಿಬಿಟ್ಟಿದ್ದರು. ಕಣ್ಣಿನ ವಾರ್ಡಿನಲ್ಲಿ ರೋಗಿಯೂ ಕೂತಿರುತ್ತಾನೆ, ಹನಿ ಹಾಕುವ ದಾದಿಯೂ ಕೂತಿರುತ್ತಾಳೆ. ಅಲ್ಲಿ ಒಂದು ಜಾಗ ಖಾಲಿಯಾಗಿ ನಾಲ್ಕು ದಿನವಾಗಿತ್ತು. ಈ ದಿನ ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತದೆ. ಅಷ್ಟರೊಳಗೆ ಎರಡು ಸಹಿ ಬೀಳಬೇಕು. ಬಿಟ್ಟುಕೊಡುತ್ತೇನೆಂದು ದಾದಿಯರ ಮುಖ್ಯಸ್ಥೆ ಪ್ರಿಮಿತಿವಾರದು ಒಂದು, ಸೇರಿಸಿಕೊಳ್ಳುತ್ತೇನೆಂದು ಕಣ್ಣಿನ ವಾರ್ಡಿನ ಹಿರಿಯ ದಾದಿ ತೆಯೊಪಿಸ್ತೊನದು ಇನ್ನೊಂದು. ಅವನು ಹೆಂಗಸಲ್ಲ, ಗಂಡಸೇ. ಆ ಊರಲ್ಲಿ ಗಂಡಸರೂ ದಾದಿ ಕೆಲಸ ಮಾಡುತ್ತಾರೆ, ಹೆಂಗಸರಿಗಿಂತ ಹೆಚ್ಚು ಗೊಣಗುತ್ತಾರೆ. ಈಗ ಮೇಜಿನ ಆಚೆ ಕೈಕಟ್ಟಿಕೊಂಡು ನಿಂತಿದ್ದವನು ಅವನೇ.

ಗಡಿಯಾರ ನಾಲ್ಕು ತೋರಿಸುತ್ತಿತ್ತು.

ಲುಡಿವಿನಾ: ನೀನಾದ್ರೂ ಹೇಳೋ ತೊತೊ.

ತೆಯೊಪಿಸ್ತೊ: ಮನಾಂಗ್ ಲುಡಿ, ನೀವು ನನಗೆ ಅಕ್ಕ ನಿಜ, ಆದ್ರೆ ಆಫೀಸಲ್ಲಿ ನನ್ನ ತೊತೊ ಅನ್ಬೇಡಿ. ನಾನೊಂದು ವಾರ್ಡಿನ ಮುಖ್ಯಸ್ಥ.

ಲುಡಿವಿನಾ: ನನಗಿಂತ ಮೂರು ವರ್ಷ ಚಿಕ್ಕೋನು. ತಮ್ಮನ್ನ ತೊತೊ ಅನ್ನದೆ ಇನ್ನೇನು ಬಿಷಪ್ಪರೇ ಅನ್ಲಾ?

ತೆಯೊಪಿಸ್ತೊ: ಸರಿ, ಅನ್ನಿ. ಆದ್ರೆ ನಿಯಮ ನಿಯಮಾನೇ. ನಿಮಗೆ ಕಣ್ಣಿನ ವಿಷಯ ಏನು ಗೊತ್ತು?

ಲುಡಿವಿನಾ: ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಗೆ ಬಂದ ಕೂಸಿಗೆಲ್ಲ ಎರಡೆರಡು ಕಣ್ಣಿದ್ವು. ಎಲ್ಲಾನೂ ಒರೆಸಿದೀನಿ.

ತೆಯೊಪಿಸ್ತೊ: ಒರೆಸೋದು ಬೇರೆ, ಕಣ್ಣಿನ ಪೊರೆ ತೆಗೆಯೋ ಡಾಕ್ಟರ ಪಕ್ಕ ಇರೋದು ಬೇರೆ.

ಲುಡಿವಿನಾ: ಕಲೀತೀನಿ.

ತೆಯೊಪಿಸ್ತೊ: ಕಲಿಯೋರು ಮೂರು ತಿಂಗಳು ನಮ್ಮ ವಾರ್ಡಿನ ದಾದಿ ಜೋನಲಿನ್ ಹಿಂದೆ ಓಡಾಡ್ಬೇಕು. ಅವಳು ಹೇಳಿದ ಹಾಗೆ ಕೇಳ್ಬೇಕು.

ಲುಡಿವಿನಾ: ಯಾವ ಜೋನಲಿನ್? ಮೀನು ಸಂತೆ ಹಿಂದಿನ ಬೀದಿ ಜೋನಲಿನ್ನಾ? ಅವಳು ಕಾಲು ಮುಂದಾಗಿ ಹುಟ್ಟಿದ್ದು ತೊತೊ. ತಲೆಕೆಳಗಾಗಿ ಹಿಡಿದು ಅವಳ ಕುಂಡಿಗೆ ಮೊದಲ ಏಟು ಕೊಟ್ಟೋಳು ನಾನು.

ತೆಯೊಪಿಸ್ತೊ: ಅದಕ್ಕೇ ಅವಳೂ ಹೆದರ್ಕೊಂಡಿದಾಳೆ. ಎರಡನೇ ಏಟು ಕೊಡೋಕೆ ಬರ್ತಿದಾರಾ ಅಂತ ಕೇಳಿದ್ಲು.

ಪ್ರಿಮಿತಿವಾ: ನನ್ನ ಕಷ್ಟಾನೂ ಸ್ವಲ್ಪ ಕೇಳಿ. ಇವಳು ಹೋದ್ರೆ ಹೆರಿಗೆ ವಾರ್ಡಲ್ಲಿ ಅವಳಿ ಮಕ್ಕಳನ್ನ ಹಿಡಿಯೋರು ಯಾರು?

ಲುಡಿವಿನಾ: ಉಳಿದ ಒಂಬತ್ತು ಜನಕ್ಕೆ ಕೈ ಇಲ್ವಾ ಮೇಡಂ?

ಪ್ರಿಮಿತಿವಾ: ಕೈ ಇದೆ. ನಿನ್ನ ಹಾಗೆ ಅನುಭವ ಇಲ್ಲ.

ಲುಡಿವಿನಾ: ಅಂದ್ರೆ ಅನುಭವ ಇಲ್ಲ ಅಂತ ಇವನು ಒಳಗೆ ಬಿಡಲ್ಲ, ಅನುಭವ ಜಾಸ್ತಿ ಅಂತ ನೀವು ಹೊರಗೆ ಬಿಡಲ್ಲ. ಬಾಗಿಲ ಹೊಸ್ತಿಲಲ್ಲೇ ನನ್ನನ್ನ ಮೊಳೆ ಹೊಡೆದು ನಿಲ್ಲಿಸಿಬಿಡಿ.

ಪ್ರಿಮಿತಿವಾ ಕನ್ನಡಕ ತೆಗೆದು ಒರೆಸಿಕೊಂಡರು. ತೆಯೊಪಿಸ್ತೊ ಮಾತ್ರ ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವವನಂತೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಲುಡಿವಿನಾ ಅದನ್ನು ಗಮನಿಸಿದಳು. ಹೆರುವ ಹೆಂಗಸಿನ ಮುಖ ನೋಡಿ ಇನ್ನೆಷ್ಟು ಹೊತ್ತು ಎಂದು ಹೇಳಬಲ್ಲವಳಿಗೆ, ಒಬ್ಬ ಗಂಡಸಿನ ಹೊಟ್ಟೆಯೊಳಗಿನ ಮಾತು ಎಲ್ಲಿಗೆ ಬಂದು ನಿಂತಿದೆ ಎಂದು ತಿಳಿಯದೆ?

ಲುಡಿವಿನಾ: ಹೊರಗೆ ಹಾಕು ತೊತೊ. ಒಳಗೆ ಇಟ್ಕೊಂಡಷ್ಟೂ ನೋವು.

ತೆಯೊಪಿಸ್ತೊ: ಬೇಜಾರು ಮಾಡ್ಕೊಬಾರದು.

ಲುಡಿವಿನಾ: ಮಾಡ್ಕೊಳ್ಳಲ್ಲ.

ತೆಯೊಪಿಸ್ತೊ: ನೀವು ರೋಗಿಗಳನ್ನ ಎಳೀತೀರಿ ಮನಾಂಗ್.

ಲುಡಿವಿನಾ: ಏನಂದೆ?

ತೆಯೊಪಿಸ್ತೊ: ಬೆಲ್ಲಕ್ಕೆ ಇರುವೆ ಬಂದ ಹಾಗೆ. ಇಡೀ ಆಸ್ಪತ್ರೆಗೆ ಗೊತ್ತು. ನೀವು ಡ್ಯೂಟೀಲಿದ್ರೆ ಒಂಬತ್ತು ತಿಂಗಳಾಗದೇ ಇರೋರಿಗೂ ನೋವು ಬರತ್ತೆ. ಕಳೆದ ಗುರುವಾರ ಎಷ್ಟು ಹೆರಿಗೆ?

ಲುಡಿವಿನಾ: ಹನ್ನೊಂದು.

ತೆಯೊಪಿಸ್ತೊ: ಅದರ ಹಿಂದಿನ ಗುರುವಾರ?

ಲುಡಿವಿನಾ: ಹದಿಮೂರು. ಒಂದು ಲಿಫ್ಟಲ್ಲಿ.

ತೆಯೊಪಿಸ್ತೊ: ನಮ್ಮದು ಆರು ಹಾಸಿಗೆ ವಾರ್ಡು. ನೀವು ಬಂದು ಕೂತ್ರೆ ಇಡೀ ದ್ವೀಪದ ಜನಕ್ಕೆ ಒಂದೇ ದಿನ ಪೊರೆ ಬರತ್ತೆ. ನನ್ನ ಮಕ್ಕಳು ಇನ್ನೂ ಚಿಕ್ಕವು.

ಲುಡಿವಿನಾಗೆ ಮಂಡಿನೋವಿಗಿಂತ ಈ ಮಾತೇ ಹೆಚ್ಚು ನೋಯಿತು. ಇಪ್ಪತ್ತಾರು ಕ್ರಿಸ್‌ಮಸ್ ರಾತ್ರಿಗಳನ್ನು ಆ ವಾರ್ಡಿನಲ್ಲಿ ಕಳೆದವಳು. ಬಿಸಿ ಅನ್ನ ಉಂಡ ನೆನಪೇ ಅವಳಿಗಿಲ್ಲ. ಅದೆಲ್ಲ ಅವಳ ಕಾಲ್ಗುಣ ಎಂದುಬಿಟ್ಟರೆ? ಆದರೆ ಅಳುವುದು ಅವಳ ಜಾಯಮಾನವಲ್ಲ. ಮೂಗನ್ನು ಜೋರಾಗಿ ಮೇಲಕ್ಕೆಳೆದುಕೊಂಡಳು. ಹಾಗೆ ಎಳೆದುಕೊಂಡಾಗಲೇ ಅವಳ ಮೂಗಿಗೆ ಹುರಿದ ಬೆಳ್ಳುಳ್ಳಿಯ ವಾಸನೆ ಬಡಿಯಿತು.

ಲುಡಿವಿನಾ: ನಾನು ಸೋಮವಾರಾನೂ ಡ್ಯೂಟೀಲಿರ್ತೀನಿ ತೊತೊ. ಸೋಮವಾರ ಎರಡೋ ಮೂರೋ ಹೆರಿಗೆ. ಆವತ್ತು ನನ್ನ ಬೆಲ್ಲ ಎಲ್ಲಿಗೆ ಹೋಗತ್ತೆ?

ತೆಯೊಪಿಸ್ತೊ: ಅದು ನನಗೆ ಹೊಳೆದಿರ್ಲಿಲ್ಲ.

ಲುಡಿವಿನಾ: ಮೇಡಂ, ಈವತ್ತು ಯಾವ ವಾರ?

ಪ್ರಿಮಿತಿವಾ: ಗುರುವಾರ. ಯಾಕೆ?

ಲುಡಿವಿನಾ: ನಿಮ್ಮ ಡ್ರಾಯರಲ್ಲಿ ಏನಿದೆ?

ಪ್ರಿಮಿತಿವಾ: ಕಾಗದ.

ಲುಡಿವಿನಾ: ಕಾಗದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದೀರಾ?

ಪ್ರಿಮಿತಿವಾ: ಆ ಡ್ರಾಯರ್ ಬಿಗಿಯಾಗಿಬಿಟ್ಟಿದೆ ಇಂದಾಯ್. ತೆಗೆಯೋಕೆ ಬರಲ್ಲ.

ಲುಡಿವಿನಾ: ಬರದೇ ಇರೋದನ್ನ ಹೊರಗೆ ತರೋದೇ ನನ್ನ ಕೆಲಸ.

ಒಂದೇ ಎಳೆತಕ್ಕೆ ಡ್ರಾಯರು ಬಂತು. ಒಳಗೆ ಬಾಳೆಲೆ ಮುಚ್ಚಿದ ಡಬ್ಬಿ. ಎಲೆಯನ್ನು ಸರಿಸಿದರೆ ಹೊಳೆಯುವ ಪಾನ್ಸಿತ್, ಮೊಳದುದ್ದದ ಶಾವಿಗೆ, ಮೇಲೆ ಸಿಗಡಿ, ಪಕ್ಕದಲ್ಲಿ ಅರ್ಧ ಹೋಳು ನಿಂಬೆ. ತೆಯೊಪಿಸ್ತೊ ಎರಡು ಹೆಜ್ಜೆ ಹಿಂದೆ ಸರಿದು ಶಿಲುಬೆಯ ಗುರುತು ಹಾಕಿಕೊಂಡ. ಡ್ಯೂಟಿಯ ಹೊತ್ತಿನಲ್ಲಿ ಪಾನ್ಸಿತ್ ತಂದರೆ ರೋಗಿಗಳ ಸಾಲೂ ಆ ಶಾವಿಗೆಯಷ್ಟೇ ಉದ್ದವಾಗುತ್ತದೆ ಎಂಬುದು ಆ ಸೀಮೆಯ ಯಾವ ದಾದಿಗೂ ಪುಸ್ತಕ ಓದಿ ಕಲಿಯಬೇಕಾದ ಪಾಠವಲ್ಲ. ಬಾಗಿಲ ಹಿಂದೆ ಅದನ್ನು ಕೆಂಪಕ್ಷರದಲ್ಲಿ ಬರೆಸಿ ಅಂಟಿಸಿದ್ದವರೂ ಪ್ರಿಮಿತಿವಾರೇ.

ತೆಯೊಪಿಸ್ತೊ: ಮೇಡಂ. ನೀವಾ?

ಪ್ರಿಮಿತಿವಾ: ನನ್ನ ಸೊಸೆ ಗುರುವಾರ ಮಾತ್ರ ಮಾಡ್ತಾಳೆ. ಬೇಡ ಅಂದ್ರೆ ಮುಖ ಊದಿಸ್ಕೊಳ್ತಾಳೆ. ನನ್ನ ಆಫೀಸಿಗೆ ರೋಗಿಗಳೇ ಬರಲ್ಲವಲ್ಲ, ಇಲ್ಲಿ ತಿಂದ್ರೆ ಏನು ತೊಂದರೆ ಅಂದ್ಕೊಂಡೆ.

ಲುಡಿವಿನಾ: ಈ ಡ್ರಾಯರ್ ಕೆಳಗೆ ಏನಿದೆ ಮೇಡಂ?

ಪ್ರಿಮಿತಿವಾ: ನೆಲ.

ಲುಡಿವಿನಾ: ನೆಲದ ಕೆಳಗೆ?

ಪ್ರಿಮಿತಿವಾ ಮತ್ತೆ ಕನ್ನಡಕ ತೆಗೆದರು. ಒರೆಸಲು ಅದರಲ್ಲಿ ಏನೂ ಉಳಿದಿರಲಿಲ್ಲ.

ಪ್ರಿಮಿತಿವಾ: ಹೆರಿಗೆ ವಾರ್ಡು.

ಲುಡಿವಿನಾ: ಎಷ್ಟು ವರ್ಷದಿಂದ ಸೊಸೆ ಪಾನ್ಸಿತ್ ಮಾಡ್ತಿದಾಳೆ?

ಪ್ರಿಮಿತಿವಾ: ಮದುವೆ ಆಗಿ ಒಂಬತ್ತು ವರ್ಷ ಆಯ್ತು.

ಲುಡಿವಿನಾ: ಒಂಬತ್ತು ವರ್ಷ ನೀವು ಮೇಲೆ ಕೂತು ಶಾವಿಗೆ ಎಳೆದ್ರಿ. ನಾನು ಕೆಳಗೆ ನಿಂತು ಕೂಸು ಎಳೆದೆ.

ಪ್ರಿಮಿತಿವಾ: ಮೆಲ್ಲಗೆ ಮಾತಾಡು ತಾಯಿ. ಕೆಳಗಿನ ಹುಡುಗೀರಿಗೆ ಕೇಳಿಸಿದ್ರೆ ನನ್ನ ಮಾನ ಹೋಗತ್ತೆ.

ಲುಡಿವಿನಾ ಅರ್ಜಿಯನ್ನು ಮೇಜಿನ ಮೇಲೆ ಮೆಲ್ಲಗೆ ಮುಂದಕ್ಕೆ ತಳ್ಳಿದಳು. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಎಂಬುದನ್ನು ತಿಳಿದವಳು ಅವಳು. ಪ್ರಿಮಿತಿವಾ ಪೆನ್ನು ತೆಗೆದು, ನಿಟ್ಟುಸಿರು ಬಿಟ್ಟು, ಬಿಟ್ಟುಕೊಡುವ ಜಾಗದಲ್ಲಿ ಸಹಿ ಮಾಡಿದರು. ಹೊಟ್ಟೆಯ ಸುಖಕ್ಕಾಗಿ ಒಳ್ಳೆಯ ದಾದಿಯನ್ನು ಕಳೆದುಕೊಂಡ ಸಂಕಟ ಅವರ ಅಕ್ಷರದಲ್ಲೇ ಕಾಣುತ್ತಿತ್ತು.

ಲುಡಿವಿನಾ: ಈಗ ನಿಂದು ತೊತೊ. ನಾನು ಬೆಲ್ಲ ಅಲ್ಲ ಅಂತ ಗೊತ್ತಾಯ್ತಲ್ಲ.

ತೆಯೊಪಿಸ್ತೊ: ಗೊತ್ತಾಯ್ತು, ತಪ್ಪಾಯ್ತು ಮನಾಂಗ್. ಆದ್ರೆ ಎರಡು ವರ್ಷದ ಅನುಭವ?

ಲುಡಿವಿನಾ: ಮತ್ತೆ ಅದೇ ರಾಗನಾ?

ತೆಯೊಪಿಸ್ತೊ: ಅಪಶಕುನ ಬೇರೆ, ನಿಯಮ ಬೇರೆ. ಅನುಭವ ಇಲ್ಲದೋರನ್ನ ತಗೊಂಡ್ರೆ ನಾಳೆ ನನ್ನನ್ನ ಕೇಳೋರು ಇದಾರೆ. ಮೊದಲು ಈ ಡಬ್ಬಿ ಇಲ್ಲಿಂದ ಹೊರಗೆ ಹೋಗ್ಲಿ. ಇದು ಇರೋವಾಗ ನನಗೆ ತಲೇನೇ ಓಡಲ್ಲ.

ಪ್ರಿಮಿತಿವಾ: ಕಸಕ್ಕೆ ಮಾತ್ರ ಹಾಕ್ಬೇಡಪ್ಪ. ಶಾವಿಗೆ ಬಿಸಾಕಿದ್ರೆ ಆಯಸ್ಸು ಬಿಸಾಕಿದ ಹಾಗೆ.

ತೆಯೊಪಿಸ್ತೊ: ಗೇಟಿನ ಹೊರಗೆ ನನ್ನ ಬೈಕಿನ ಪೆಟ್ಟಿಗೇಲಿ ಇಟ್ಟು ಬರ್ತೀನಿ.

ಸತ್ತ ಹೆಗ್ಗಣವನ್ನು ಬಾಲ ಹಿಡಿದು ಒಯ್ಯುವವನಂತೆ ಡಬ್ಬಿಯನ್ನು ಮೈಯಿಂದ ದೂರ ಹಿಡಿದುಕೊಂಡು ಅವನು ಇಳಿದು ಹೋದ. ಲುಡಿವಿನಾ ಕಿಟಕಿಯ ಬಳಿ ಹೋಗಿ ನಿಂತಳು. ನಾಲ್ಕೂಕಾಲು. ಕೈಯಲ್ಲಿ ಒಂದೇ ಸಹಿಯ ಕಾಗದ. ಒಂದು ಎತ್ತಿನ ಗಾಡಿ ಯಾವ ಊರು ಸೇರುತ್ತದೆ? ಕೆಳಗೆ ತೆಯೊಪಿಸ್ತೊ ಅಂಗಳ ದಾಟಿದ. ಗೇಟಿಗೆ ದಾರಿ ಇದ್ದದ್ದು ಒಂದೇ, ಕಣ್ಣಿನ ವಾರ್ಡಿನ ಮೊಗಸಾಲೆಯ ಮೂಲಕ. ಅವನು ಡಬ್ಬಿಯೊಡನೆ ತನ್ನ ವಾರ್ಡಿನ ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿದ್ದ.

ಲುಡಿವಿನಾ: ಮೇಡಂ, ಅವನು ಯಾವ ಕಡೆಯಿಂದ ಹೋದ ನೋಡಿದ್ರಾ?

ಪ್ರಿಮಿತಿವಾ: ಏಸುವೇ ತಂದೆ.

ಅವರು ಏಸುವನ್ನು ಕರೆದು ಮುಗಿಸುವಷ್ಟರಲ್ಲಿ ಗೇಟಿನೊಳಗೆ ಜನ ತುಂಬಿದ ಜೀಪ್ನಿ ಗಾಡಿಯೊಂದು ತಿರುಗಿತು. ಅದರ ಹಿಂದೆ ಎರಡನೆಯದು. ಅದರ ಹಿಂದೆ ಮೂರನೆಯದು, ಅದರ ಮಾಡಿನ ಮೇಲೂ ಜನ. ಇಳಿದವರೆಲ್ಲ ಮುದುಕ ಮುದುಕಿಯರು, ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಉದ್ದಕ್ಕೆ ಸಾಲುಗಟ್ಟಿದರು. ಮುಂದಿನ ವಾರದ ಉಚಿತ ಕಣ್ಣಿನ ತಪಾಸಣೆಗೆ ಹೆಸರು ಕೊಟ್ಟಿದ್ದ ಹಳ್ಳಿಯವರು, ತಾರೀಕು ತಪ್ಪಿ ಈ ಗುರುವಾರವೇ ಬಂದಿಳಿದಿದ್ದರು. ಮರುಗಳಿಗೆಗೆ ಮೆಟ್ಟಿಲ ಮೇಲೆ ದಡಬಡ ಸದ್ದು. ತೆಯೊಪಿಸ್ತೊ ಬೆವರಿಳಿಸುತ್ತ ಬಂದು ನಿಂತ.

ತೆಯೊಪಿಸ್ತೊ: ಮನಾಂಗ್, ಎಪ್ಪತ್ತೆರಡು ಜನ. ಬನ್ನಿ.

ಲುಡಿವಿನಾ: ನನಗೆ ಕಣ್ಣಿನ ಅನುಭವ ಇಲ್ಲವಲ್ಲ ತೊತೊ.

ತೆಯೊಪಿಸ್ತೊ: ಕಾಗದ ಕೊಡಿ ಇಲ್ಲಿ.

ಗೋಡೆಗೆ ಒತ್ತಿಟ್ಟುಕೊಂಡು ಅವನು ಸಹಿ ಹಾಕಿದ. ಅವಸರಕ್ಕೆ ಕಾಗದ ಹರಿದು ಅರ್ಧ ಸಹಿ ಗೋಡೆಯ ಮೇಲೆ ಬಿತ್ತು.

ಲುಡಿವಿನಾ: ಮೂರು ತಿಂಗಳು ಜೋನಲಿನ್ ಹಿಂದೆ ಓಡಾಡ್ಬೇಕು ಅಂದೆ?

ತೆಯೊಪಿಸ್ತೊ: ಅವಳ ಹಿಂದೆ ನಿಲ್ಲೋಕೆ ಜಾಗ ಇಲ್ಲ ಮನಾಂಗ್. ಮುಂದೆ ನಿಂತ್ಕೊಳ್ಳಿ.

ಲುಡಿವಿನಾ ಕಾಗದವನ್ನು ಪ್ರಿಮಿತಿವಾರ ಮೇಜಿನ ಮೇಲಿಟ್ಟು, ಮಂಡಿ ಹಿಡಿದುಕೊಂಡೇ ಮೆಟ್ಟಿಲಿಳಿದಳು. ಕಣ್ಣಿನ ವಾರ್ಡಿನಲ್ಲಿ ಅವಳಿಗೊಂದು ಕುರ್ಚಿ ಕಾದಿತ್ತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಡ್ಯೂಟಿಯಲ್ಲಿ ಕುಳಿತಳು. ಆಹಾ ಎನಿಸಿತು. ಎದುರಿಗೆ ಮೊದಲ ಮುದುಕಿಯನ್ನು ತಂದು ಮಲಗಿಸಿದರು. ಮುದುಕಿ ಹೆದರಿ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಲುಡಿವಿನಾ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಕೈಗೆ ಕೈ ತಾಗಿದ್ದೇ ತಡ, ನಾಲಿಗೆ ಹಳೆಯ ದಾರಿ ಹಿಡಿಯಿತು.

ಲುಡಿವಿನಾ: ಹೆದರ್ಬೇಡಿ ಅಜ್ಜಿ, ನಾನಿದೀನಿ. ಉದ್ದಕ್ಕೆ ಉಸಿರು ತಗೊಳ್ಳಿ. ಹಾಂ, ಈಗ ಮುಕ್ಕಿ.

ಮುದುಕಿ: ಏಳು ಮಕ್ಕಳಿಗೆ ಮುಕ್ಕಿದೀನಿ ಮಗಳೇ. ಕಣ್ಣಿಗೂ ಮುಕ್ಬೇಕು ಅಂತ ಯಾರೂ ಹೇಳ್ಲಿಲ್ವಲ್ಲ, ಅದಕ್ಕೇ ಇಷ್ಟು ವರ್ಷ ಮಂಜಾಗಿತ್ತು ನೋಡು.