ಅಪ್ಪಟ ಅಂಚು

ಇನ್ನೊಂದು ಗೇಣು ಅಂಚು ನೇಯ್ದರೆ ಬ್ರಾನೆ ಕೆಲ್ಟರ ನಾಯಕನಾಗುತ್ತಿದ್ದ. ಆ ಒಂದು ಗೇಣೇ ಬಾಕಿ ಉಳಿದಿತ್ತು, ಮಧ್ಯಾಹ್ನಕ್ಕೆ ಉತ್ಸವ.

ದ್ರಾವಾ ನದಿಯ ದಂಡೆಯ ಆ ಊರಿನಲ್ಲಿ ವರ್ಷಕ್ಕೊಮ್ಮೆ ಬ್ಯಾಂಕಿನವರು, ಬಸ್ ಡ್ರೈವರುಗಳು, ಹಲ್ಲಿನ ಡಾಕ್ಟರುಗಳು ಎಲ್ಲ ಸೇರಿ ವೇಷ ಹಾಕಿಕೊಂಡು ಎರಡು ಸಾವಿರ ವರ್ಷ ಹಿಂದಕ್ಕೆ ಹೋಗುತ್ತಾರೆ. ಅರ್ಧ ಜನ ರೋಮನ್ನರು, ಅರ್ಧ ಜನ ಅವರೊಡನೆ ಕಾದಾಡಿದ ಕೆಲ್ಟ್ ಬುಡಕಟ್ಟಿನವರು. ಬಡಿದಾಡಿ ಮುಗಿದ ಮೇಲೆ ಒಟ್ಟಿಗೆ ಬಿಯರ್ ಕುಡಿಯುತ್ತಾರೆ. ಟೈಲ್ಸ್ ಅಂಗಡಿಯ ಬ್ರಾನೆ ಇಷ್ಟು ವರ್ಷವೂ ರೋಮನ್ನರ ಬಿಡಾರಕ್ಕೆ ಸೌದೆ ಹೊರುವ ಗುಲಾಮ. ಗುಲಾಮನಿಗೆ ಮಾತಿಲ್ಲ. ಅಂಗಡಿಯಲ್ಲಿ ಮಾತೆಲ್ಲ ಯಜಮಾನನದು, ಮನೆಯಲ್ಲಿ ಹೆಂಡತಿಯದು. ಒಮ್ಮೆಯಾದರೂ ಇಡೀ ಊರಿನ ಮುಂದೆ ಕತ್ತಿ ಎತ್ತಿ ಭಾಷಣ ಮಾಡಬೇಕೆಂಬುದೇ ಅವನ ಆಸೆ. ಆದರೆ ಭಾಷಣ ಕೆಲ್ಟ್ ನಾಯಕನಿಗೆ ಮೀಸಲು, ನಾಯಕತ್ವ ಮಾಂಸದಂಗಡಿಯ ರಾದೊನಿಗೆ ಮೀಸಲು. ಉತ್ಸವದ ಸಾಸೇಜೆಲ್ಲ ರಾದೊನದೇ ಆದ್ದರಿಂದ ಅವನ ಶೌರ್ಯವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ಈ ವರ್ಷ ಸಮಿತಿಗೆ ಎಲ್ಲಿಂದಲೋ ವಿದ್ವತ್ತು ಬಂದುಬಿಟ್ಟಿತು. ಯಾರ ಅಂಗಿಯ ಅಂಚು ಹೆಚ್ಚು ಅಪ್ಪಟವೋ ಅವನೇ ನಾಯಕ ಎಂದು ಸಾರಿತು. ಬ್ರಾನೆ ಚಳಿಗಾಲವೆಲ್ಲ ಕೂತು, ನಾಲ್ಕು ತೂತಿನ ಮರದ ಬಿಲ್ಲೆಗಳಿಗೆ ನೂಲು ಪೋಣಿಸಿ, ಅವನ್ನು ತಿರುತಿರುಗಿಸಿ ಅಂಚು ನೇಯ್ದ. ಮ್ಯೂಸಿಯಮ್ಮಿನ ಹಳೆಯ ತುಂಡೊಂದರ ಫೋಟೊ ನೋಡಿ ಚಿತ್ತಾರ ಇಳಿಸಿದ. ಕೆಂಪು ಬಣ್ಣಕ್ಕಾಗಿ ಹೆಂಡತಿಯ ಜಾಮ್ ಪಾತ್ರೆಯಲ್ಲಿ ಬೇರು ಕುದಿಸಿದ. ಹೆಂಡತಿ ಈಗ ತವರಿನಲ್ಲಿದ್ದಾಳೆ.

ಆ ಬೆಳಿಗ್ಗೆ ನೂಲಿನ ಒಂದು ತುದಿಯನ್ನು ಮಹಡಿ ಮೆಟ್ಟಿಲ ಕಂಬಿಗೂ ಇನ್ನೊಂದನ್ನು ತನ್ನ ಸೊಂಟಕ್ಕೂ ಕಟ್ಟಿಕೊಂಡು ಕೂತಿದ್ದಾಗ, ಇಡೀ ಕಟ್ಟಡಕ್ಕೇ ಚಿಕ್ಕಮ್ಮನಾದ ಪಕ್ಕದ ಮನೆಯ ಲುದ್ಮಿಲಾ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಬಂದಳು.

"ಇದೇನೋ ಬ್ರಾನೆ, ಆಡಿನ ಥರ ಕಟ್ಟಿಸ್ಕೊಂಡು ಕೂತಿದೀಯ? ಹೋಗೋವಾಗ ಹೆಂಡ್ತಿ ಕಟ್ಹಾಕಿ ಹೋದ್ಲಾ?"

"ನೇಯ್ತಿದೀನಿ ಚಿಕ್ಕಮ್ಮ. ದಯವಿಟ್ಟು ಮುಟ್ಟಬೇಡಿ."

ಮುಟ್ಟಬೇಡಿ ಎಂದರೆ ಕೈ ನವೆಯಾಗುವ ಜಾತಿ ಅವಳದು. "ಒಳ್ಳೇ ಹಗ್ಗ" ಎನ್ನುತ್ತ ದೊಡ್ಡ ಟವೆಲ್ಲೊಂದನ್ನು ನೂಲಿನ ಮೇಲೆ ಹರವಿಯೇಬಿಟ್ಟಳು. ಬ್ರಾನೆ ಹಾರಿ ಎದ್ದ; ಸೊಂಟದ ಕಟ್ಟು ಎಳೆಯಿತು; ಮೆಟ್ಟಿಲ ಮೇಲಿಂದ ಜಾರಿದ ಆಲೂಗಡ್ಡೆ ಮೂಟೆಯಂತೆ ಉರುಳಿದ.

"ಕೊಡಿಲ್ಲಿ, ನಾನು ಮುಗಿಸ್ತೀನಿ," ಎಂದಳು ಲುದ್ಮಿಲಾ. "ನಾನು ಹೆಣೆದ ಸ್ವೆಟರ್ ಹಾಕ್ಕೊಂಡು ಮೂರು ಜನ ಮೇಯರು ಸತ್ತಿದಾರೆ, ಗೊತ್ತಾ?"

ಬ್ರಾನೆ ಕಾಲು ಬಿಡಿಸಿಕೊಳ್ಳುವುದರೊಳಗೆ ಅವಳು ಬಿಲ್ಲೆಗಳನ್ನೆಲ್ಲ ಉಲ್ಟಾ ತಿರುಗಿಸಿ ಉಳಿದ ಗೇಣನ್ನು ನೇಯ್ದು ಗಂಟು ಹಾಕಿದ್ದಳು. ಸಾಲಾಗಿ ಮುಂದೆ ಸಾಗುತ್ತಿದ್ದ ಚಿತ್ತಾರದ ಕೊಂಡಿಗಳೆಲ್ಲ, ಮನೆಗೆ ಬೀಗ ಹಾಕುವುದನ್ನು ಮರೆತವರ ಹಾಗೆ, ತಟ್ಟನೆ ಹಿಂದಕ್ಕೆ ತಿರುಗಿದ್ದವು. ಬಿಚ್ಚಲು ಹೊತ್ತಿರಲಿಲ್ಲ. ಬ್ರಾನೆ ಅಳುಮೋರೆ ಹಾಕಿಕೊಂಡು ಅದನ್ನೇ ಅಂಗಿಗೆ ಹೊಲಿದು ಓಡಿದ. ತನ್ನ ಕೈಕೆಲಸಕ್ಕೆ ಬಹುಮಾನ ಬರುವುದನ್ನು ನೋಡಲು ಲುದ್ಮಿಲಾಳೂ ಹಿಂದೆಯೇ ಹೊರಟಳು.

ಮೈದಾನದ ಬಾಗಿಲಲ್ಲಿ ಸಮಿತಿಯ ಪರೀಕ್ಷಕ ಹಿಯರೊನಿಮ್ ಭೂತಗನ್ನಡಿ ಹಿಡಿದು ನಿಂತಿದ್ದ. ಕಸ್ಟಮ್ಸ್ ಇಲಾಖೆಯಿಂದ ನಿವೃತ್ತನಾದ ಮೇಲೆ ಅವನು ಇತಿಹಾಸದ ಗಡಿ ಕಾಯುತ್ತಿದ್ದ.

"ಏನೋ ಗುಲಾಮ, ಸೌದೆ ಎಲ್ಲಿ?" ಎಂದು ನಕ್ಕ ರಾದೊ. ಅವನ ಅಂಗಿಗೆ ಕಿಟಕಿ ಪರದೆಯ ಲೇಸು ಹೊಲಿದಿತ್ತು.

ಹಿಯರೊನಿಮ್ ಬ್ರಾನೆಯ ಅಂಚನ್ನು ಎಳೆ ಎಳೆಯಾಗಿ ನೋಡುತ್ತ ಬಂದ. ಕೊನೆಯ ಗೇಣಿಗೆ ಬಂದವನೇ ನಿಂತುಬಿಟ್ಟ. ಬ್ರಾನೆ ಕಣ್ಣು ಮುಚ್ಚಿಕೊಂಡ.

"ಈ ತಪ್ಪು..." ಹಿಯರೊನಿಮ್ ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದ. "ಸಮಾಧೀಲಿ ಸಿಕ್ಕಿದ ಮ್ಯೂಸಿಯಮ್ಮಿನ ತುಂಡಲ್ಲೂ ಇದೇ ತಪ್ಪಿದೆ! ಅದರ ಫೋಟೊದಲ್ಲಿ ಆ ತುದಿ ಇರಲೇ ಇಲ್ಲ. ಎರಡು ಸಾವಿರ ವರ್ಷದ ಹಿಂದೆ ಯಾವಳೋ ಹೆಂಗಸು ಹೀಗೇ ಎಡವಿದಾಳೆ!"

"ನಾನೇ ಕಣ್ರೀ," ಎಂದಳು ಲುದ್ಮಿಲಾ. "ಆದ್ರೆ ಅಷ್ಟೆಲ್ಲ ವಯಸ್ಸಾಗಿಲ್ಲ ನಂಗೆ."

ರಾದೊನ ಮುಖ ಬಾಡಿತು. ಬ್ರಾನೆಯ ಎದೆ ಉಬ್ಬಿ ಹೊಸ ಹೊಲಿಗೆ ಚಟಪಟ ಎಂದಿತು. "ಹಾಗಾದ್ರೆ ನಾಯಕ ನಾನೇ ತಾನೆ, ಸಾರ್?"

"ಅಲ್ಲೇ ತೊಡಕು," ಎಂದ ಹಿಯರೊನಿಮ್. "ಈ ಅಂಚು ಸಿಕ್ಕಿರೋದು ಹೆಣದ ಮೈಮೇಲೆ. ಬದುಕಿರೋರು ಇದನ್ನ ಹಾಕ್ತಿದ್ರು ಅನ್ನೋಕೆ ಪುರಾವೆ ಎಲ್ಲಿ?"

"ಸತ್ತೋನು ಬದುಕಿದ್ದಾಗ್ಲೂ ಹಾಕ್ಕೊಂಡಿರ್ತಾನಲ್ವಾ?"

"ಅದು ಊಹೆ. ಸಮಿತಿ ಊಹೆನ ಒಪ್ಪಲ್ಲ."

"ಮತ್ತೆ ರಾದೊಂದು? ಅದು ಪರದೆ, ಸಾರ್!"

"ಅದು ಇವತ್ತಿನವರೆಗೆ ಯಾವ ಹೆಣದ ಮೇಲೂ ಸಿಕ್ಕಿಲ್ಲ. ಅಂದ್ಮೇಲೆ ಬದುಕಿರೋರದ್ದೇ ಆಗಿರಬೇಕು."

ಈ ತರ್ಕಕ್ಕೆ ಸಾಸೇಜು ತಿನ್ನುತ್ತಿದ್ದ ಸಮಿತಿಯವರೆಲ್ಲ ತಲೆದೂಗಿದರು. ಉತ್ಸವದ ಚರಿತ್ರೆಯಲ್ಲೇ ಮೊದಲ ಬಾರಿಗೆ ಒಂದು ಅಪ್ಪಟ ಶವಸಂಸ್ಕಾರ ನಡೆಸುವುದೆಂದು ಅಲ್ಲೇ ತೀರ್ಮಾನವಾಯಿತು.

ನಾಲ್ವರು ಕೆಲ್ಟರು ಬ್ರಾನೆಯನ್ನು ಚಟ್ಟದ ಮೇಲೆ ಮಲಗಿಸಿ ಮೈದಾನದ ನಡುವೆ ತಂದಿಟ್ಟರು. ಇಡೀ ಊರು ಎದ್ದು ನಿಂತಿತು. ಲುದ್ಮಿಲಾ ಎದೆ ಬಡಿದುಕೊಂಡು ಅತ್ತದ್ದಕ್ಕೆ ಭಾರೀ ಚಪ್ಪಾಳೆ ಬಿತ್ತು. ರಾದೊ ಕತ್ತಿ ಎತ್ತಿ, ಸತ್ತ ವೀರನ ಗುಣಗಾನಕ್ಕೆಂದು ಭಾಷಣವನ್ನು ಈ ಸಲ ಎರಡರಷ್ಟು ಉದ್ದ ಮಾಡಿದ. ಹೆಣದ ಮೂಗಿನ ಮೇಲೆ ನೊಣವೊಂದು ಕೂತಿತು. ಬ್ರಾನೆ ಒಂದು ದೀರ್ಘ ನಿಟ್ಟುಸಿರು ಬಿಟ್ಟ.

ಹಿಯರೊನಿಮ್ ಗಾಬರಿಯಿಂದ ಬಗ್ಗಿ ಅವನ ಕಿವಿಯಲ್ಲಿ ಪಿಸುಗುಟ್ಟಿದ: "ಉಸಿರಾಡಬೇಡ ಬ್ರಾನೆ. ಅದಕ್ಕೆ ಪುರಾವೆ ಇಲ್ಲ."