ಮೇಳದ ಪತ್ರವೂ ನನ್ನ ಕಳ್ಳಪತ್ತೆಯೂ

ಇಮೇಲ್ ಕಳ್ಳರನ್ನು ಹಿಡಿಯುವುದರಲ್ಲಿ ತೆಕ್ಕಟ್ಟೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇದು ನನ್ನದೇ ಅಭಿಪ್ರಾಯ. ತೆಂಗಿನಕಾಯಿ ವ್ಯಾಪಾರಕ್ಕೆಂದು ಇಮೇಲ್ ಇಟ್ಟುಕೊಂಡ ಮೇಲೆ ಒಮ್ಮೆ ಕೂದಲೆಳೆಯಲ್ಲಿ ಮೋಸದಿಂದ ಪಾರಾಗಿದ್ದೆ. ಅಂದಿನಿಂದ ಫೋನು ಟಣ್ ಎಂದರೆ ಎದೆಯೊಳಗೆ ಪುಕುಪುಕು. ಕಳ್ಳರು ಪದಗಳ ನಡುವೆ ಬೇರೆ ಬೇರೆ ಲಿಪಿಯ ಅಕ್ಷರ ತುರುಕಿ ಮೋಸದ ಇಮೇಲ್ ತಡೆಯುವ ಕಾವಲಿನ ಕಣ್ಣು ತಪ್ಪಿಸುತ್ತಾರೆಂದು ಎಲ್ಲೋ ಓದಿದೆ. ವಿಚಿತ್ರ ಅಕ್ಷರ ಕಂಡರೆ ಅದು ಕಳ್ಳರದೇ ಎಂದು ಮನೆಯಲ್ಲಿ ಶಾಸನ ಹೊರಡಿಸಿದೆ.

ಅಮ್ಮ ಕಾಯುತ್ತಿದ್ದ ಇಮೇಲೇ ಬೇರೆ. ಹಿಂದೆ ನಾನು ಟೈಫಾಯ್ಡಿನಲ್ಲಿ ಮಲಗಿದ್ದಾಗ ಅವರು, ಗುಣವಾದರೆ ಆಡಿಸುತ್ತೇನೆಂದು ಯಕ್ಷಗಾನದ ಹರಕೆಯಾಟ ಹೇಳಿಕೊಂಡಿದ್ದರು. ಆಟ ಆಡುವ ಮೇಳದಲ್ಲಿ ಹೆಸರು ಬರೆಸಿ ವರ್ಷಗಳೇ ಕಳೆದು, ಈಗ ನಮ್ಮ ಸರದಿ ಬಂದಿತ್ತು. ಆಟದ ದಿನವನ್ನು ಇಮೇಲಿನಲ್ಲಿ ತಿಳಿಸುತ್ತಾರೆ. ಒಪ್ಪಿಗೆ ಹೇಳದಿದ್ದರೆ ಆ ದಿನ ಮುಂದಿನವರ ಪಾಲು. ಇನ್ನೊಂದು ಸರದಿಗೆ ಕಾಯುವಷ್ಟು ತ್ರಾಣ ಅಮ್ಮನಿಗೆ ಉಳಿದಿರಲಿಲ್ಲ.

ಬುಧವಾರ ಒಂದು ಇಮೇಲ್ ಬಂತು. ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ. ಅಕ್ಷರಗಳ ತಲೆಯ ಮೇಲೆ ಗೀಟು, ಚುಕ್ಕೆ, ಕಾಲಿಗೆ ಬಾಲ.

"ಯಾರ್ದ್ ಅಂದೇಳಿ ಕಾಣಿ ಮೊದ್ಲ್," ಎಂದಳು ಹೆಂಡತಿ ಗಿರಿಜಾ.

"ಕಾಂಬುಕೆಂತ ಇತ್ತ್? ಕಳ್ರದ್ದೇ."

ಸುಮ್ಮನೆ ಅಳಿಸಿದ್ದರೆ ಮುಗಿಯುತ್ತಿತ್ತು. ಪಾಂಡಿತ್ಯ ಬಿಡಬೇಕಲ್ಲ! "ಎಲೈ ವಂಚಕರೇ, ನಿಮ್ಮ ವೇಷ ಬಯಲಾಗಿದೆ. ಪೊಲೀಸರು ಹೊರಟಿದ್ದಾರೆ" ಎಂದು ಅಚ್ಚ ಕನ್ನಡದಲ್ಲಿ ಉತ್ತರ ಕಳಿಸಿ, ಆಮೇಲೆ ಅಳಿಸಿದೆ.

ಶನಿವಾರ ಊಟಕ್ಕೆ ಕೂತಾಗ ಅಮ್ಮ ಕೇಳಿದರು. "ಮೇಳದವ್ರ ಕಾಗ್ದ ಬರ್ಲಿಲ್ಯಾ ಮಗಾ? ಪಕ್ಕದ್ಮನಿ ಸೀನಣ್ಣಂಗೆ ಬಂದಿತ್ತಂಬ್ರ್. ಫೋನಂಗೆ ಕಂಡ್ರೆ ಬರೀ ಚುಕ್ಕಿ, ಬಾಲ ಅಂಬ್ರ್. ಬ್ರಹ್ಮಾವರದ ಮೇಳದ ಆಫೀಸಿಗೆ ಹೋಯಿ ಓದ್ಸ್ಕಂಡ್ ಬಂದ್ರ್. ಒಪ್ಪುಕೆ ಇವತ್ತೇ ಕಡೀ ದಿನ ಅಂಬ್ರಪ್ಪ."

ಬುಧವಾರ ನಾನು ಅಳಿಸಿದ್ದು ಅದನ್ನೇ! ಊಟ ಬಿಟ್ಟು ಎದ್ದೆ. ಗಿರಿಜಾ ಆಗಲೇ ಚಪ್ಪಲಿ ಮೆಟ್ಟಿದ್ದಳು.

ನಾವಿಬ್ಬರೂ ಸಿಕ್ಕಿದ ಬಸ್ಸು ಹತ್ತಿದೆವು. ಅದು ಕಂಡಕಂಡಲ್ಲಿ ನಿಲ್ಲುತ್ತಿತ್ತು. ನನ್ನಿಂದಾಗಿ ಅಮ್ಮನ ಹರಕೆ ಹಾಳಾಯಿತೆಂದುಕೊಳ್ಳುತ್ತ ಗಳಿಗೆಗೊಮ್ಮೆ ಗಡಿಯಾರ ನೋಡಿದೆ.

"ಪೊಲೀಸ್ರ ಹೆಸ್ರ್ ಎಂತಕ್ ತೆಗ್ದದ್ದ್?" ಎಂದಳು ಗಿರಿಜಾ, ಕೋಟ ದಾಟಿದ ಮೇಲೆ.

"ಒಂದ್ ಗತ್ತ್ ಇರ್ಲಿ ಅಂದೇಳಿ."

ಮೇಳದ ಮ್ಯಾನೇಜರು ನಗುತ್ತಲೇ ಎದ್ದರು. "ಹ್ವಾಯ್, ಬನ್ನಿ ಬನ್ನಿ. ನಿಮ್ಮನ್ನೇ ಕಾಯ್ತಿದ್ದೆ." ನಮ್ಮ ಒಪ್ಪಿಗೆ ಬರೆದುಕೊಂಡರು. ನನಗೆ ಉಸಿರು ಬಂತು. ಅಷ್ಟರಲ್ಲಿ ಅವರು ಮೂಲೆಯ ಕಂಪ್ಯೂಟರಿನತ್ತ ಕೈ ತೋರಿಸಿದರು. "ಇದ್ ಹಳತ್ ಮಾರಾಯ್ರೆ. ಇದ್ರ ಕನ್ನಡ ನಿಮ್ಮ ಫೋನಿಗೆ ತಿಳೀದಿಲ್ಲ, ನಿಮ್ದ್ ಇದ್ಕ್ ತಿಳೀದಿಲ್ಲ. ನಿಮ್ಮ ಹೆಸ್ರಂಗೆ ಒಂದ್ ಉತ್ರ ಬಂದಿತ್ತ್. ಬರೀ ಚೌಕ ಚೌಕ. ಯಾರೋ ಕಳ್ರ್ ನಿಮ್ಮ ಹೆಸ್ರ್ ಹಾಕಿ ಕಳ್ಸಿದ್ದಾಯ್ಕ್ ಅಂದೇಳಿ ಅಳ್ಸಿ ಹಾಕ್ದೆ. ನೀವೇ ಬರ್ದದ್ದಾ? ಎಂತ ಬರ್ದಿದ್ರಿ?"

"ಬಾಳ ಸಂತೋಷ ಆಯ್ತ್ ಅಂದೇಳಿ," ಎಂದೆ.

ಗಿರಿಜಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳೇ ತೀರ್ಪು ಕೊಟ್ಟಳು. "ಆ ಕಂಪ್ಯೂಟರಿಗೆ ಒಂದ್ ಕಾಯಿ ಒಡ್ಸಿ." ಆಟದ ದಿನ ಹಾಗೇ ಒಡೆಸಿದೆ. ಅಂಗಡಿಯಲ್ಲಿದ್ದ ಕಾಯಿಗಳಲ್ಲೇ ದೊಡ್ಡದನ್ನು ಆರಿಸಿದ್ದೆ. ನನ್ನ ಮಾನ ಉಳಿಸಿದ್ದು ನನ್ನ ಪಾಂಡಿತ್ಯವಲ್ಲ, ನಾನು ಬರೆದದ್ದು ಅರ್ಥವಾಗದ ಆ ಕಂಪ್ಯೂಟರು.