ಮುಧೋಳ ಬಾಯಿ ಬಿಡಲಿಲ್ಲ

ಕಂಪ್ಯೂಟರ್ ಕಲಿಸುವ ಮೇಷ್ಟ್ರು ಕಂಪ್ಯೂಟರ್ ಮುಂದೆ ಸೋಲುವುದುಂಟೇ? ಆ ರಜೆಯ ಬೆಳಗಿನವರೆಗೂ ನನಗೆ ಇದರಲ್ಲಿ ಅನುಮಾನವಿರಲಿಲ್ಲ. ನಾನು ಪಾಠ ಮಾಡುವುದು ಜಮಖಂಡಿಯ ಒಂದು ಕಾಲೇಜಿನಲ್ಲಿ. ಹೆಂಡತಿ ಸುನಂದಾ ಬೀಳಗಿಯಲ್ಲಿ ಶಾಲಾ ಶಿಕ್ಷಕಿ. ವರ್ಗಾವಣೆ ಇಂದು ಆದೀತು, ನಾಳೆ ಆದೀತು ಎನ್ನುತ್ತ ಅವಳು ಅಲ್ಲಿ, ನಾನು ಇಲ್ಲಿ. ಬಾಡಿಗೆ ಮನೆಯಲ್ಲಿ ಬಾಯಿ ಬಿಡುವುದು ಕುಕ್ಕರ್ ಒಂದೇ. ಅದೂ ನಾಲ್ಕು ಸೀಟಿ ಹಾಕಿ ಸುಮ್ಮನಾಗುತ್ತದೆ!

ವಿದ್ಯಾರ್ಥಿಗಳಿಗೆ ತೋರಿಸಲೆಂದು ಲ್ಯಾಪ್‌ಟಾಪ್ ಒಳಗೇ ಮೂರು ಸಾಫ್ಟ್‌ವೇರ್ ರೂಟರ್‌ಗಳನ್ನು ಹೂಡಿದೆ. ರೂಟರ್‌ನ ಕೆಲಸ ಮಾಹಿತಿಗೆ ದಾರಿ ತೋರಿಸುವುದು. ‘ನನ್ನ ಕಡೆ ಇಂಥ ದಾರಿ ಇದೆ’ ಎಂದು ಅವು ಒಂದಕ್ಕೊಂದು ಸಾರಬೇಕು. ಜಮಖಂಡಿ, ಮುಧೋಳ, ಬೀಳಗಿ ಎಂದು ನಾಮಕರಣವನ್ನೂ ಮಾಡಿದೆ. ಜಮಖಂಡಿಗೆ ಮುಧೋಳದ ನಂಟು, ಮುಧೋಳಕ್ಕೆ ಬೀಳಗಿಯ ನಂಟು. ಚಹಾ ಆರುವುದರೊಳಗೆ ಮುಗಿಯುವ ಕೆಲಸ!

ಚಹಾ ಆರಿತು. ಜಮಖಂಡಿ ಹೇಳಿದ ದಾರಿಯನ್ನು ಮುಧೋಳ ಚೆನ್ನಾಗಿಯೇ ಕೇಳಿಸಿಕೊಂಡಿತ್ತು. ಆದರೆ ಬೀಳಗಿಗೆ ದಾಟಿಸಲಿಲ್ಲ. ಮುಧೋಳವನ್ನು ಆರಿಸಿ ಮತ್ತೆ ಹಚ್ಚಿದೆ. ಬೀಳಗಿಯ ವಿಳಾಸ ತಪ್ಪಿರಬೇಕೆಂದು ಸರಿಯಾಗಿದ್ದ ವಿಳಾಸವನ್ನು ತಿದ್ದಿ ಕೆಡಿಸಿದೆ. ಕೆಡಿಸಿದ್ದನ್ನು ಸರಿಪಡಿಸಲು ಹೋಗಿ ಮುಧೋಳವನ್ನೇ ಅಳಿಸಿಹಾಕಿದೆ! ಮೊದಲಿನಿಂದ ಕಟ್ಟಿದೆ. ಹೊಸ ಮುಧೋಳವೂ ಹಳೆಯದರಷ್ಟೇ ಮೂಕ.

"ಕೇಳಿದ್ದನ್ನ ಹೇಳಾಕ ನಿನಗೇನ್ ಧಾಡಿ ಆಗೇತಿ? ಬಾಯಿ ಬಿಡಲೇ ಮುಧೋಳ!" ಎಂದು ಕೂಗಿದೆ.

ಎದುರು ಮನೆಯ ಶಿವಕ್ಕ ಗಾಬರಿಯಿಂದ ಬಾಗಿಲಿಗೆ ಬಂದರು. ಓಣಿಯ ಸುದ್ದಿಯೆಲ್ಲ ಹಾದುಹೋಗುವುದು ಇವರ ಕಟ್ಟೆಯ ಮೇಲೆಯೇ.

"ಯಾಕ್ರಿ ಸರ್, ಮುಧೋಳದಾಗ ಬೀಗರ ಜೋಡಿ ಜಗಳ ಏನ್ರಿ?"

"ಬೀಗರಲ್ರಿ ಅಕ್ಕಾರ, ರೂಟರ್."

"ಯಾರರ ಇರಲಿ, ಜಗಳ ಬ್ಯಾಡ್ರಿ. ನಾಳೆ ಮಾರಿ ನೋಡಬೇಕಾಕ್ಕೈತಿ," ಎಂದು ಸಮಾಧಾನ ಹೇಳಿ ಹೋದರು.

ಮಧ್ಯಾಹ್ನದ ಹೊತ್ತಿಗೆ, ಮೊದಲೇ ಓದಬೇಕಿದ್ದ ಪುಟವನ್ನು ಕೊನೆಗೆ ಓದಿದೆ. ರೂಟರ್‌ಗಳಿಗೂ ಅಡ್ಡಹೆಸರಿನಂತೆ ಒಂದು ಮನೆತನದ ಸಂಖ್ಯೆ ಇರುತ್ತದೆ, ಮೂರಕ್ಕೂ ನಾನು ಒಂದೇ ಸಂಖ್ಯೆ ಕೊಟ್ಟಿದ್ದೆ. ಒಂದೇ ಮನೆತನದಲ್ಲಿ ಒಬ್ಬರಿಂದ ಕೇಳಿದ ದಾರಿಯನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ, ದಾರಿ ಯಾರದೋ ಅವರೇ ಪ್ರತಿಯೊಬ್ಬರಿಗೂ ಹೇಳಬೇಕು. ಇದು ನಿಯಮ! ಪಾಪ, ಮುಧೋಳ ನಿಯಮದಂತೆ ನಡೆದಿತ್ತು. ಜಮಖಂಡಿಗೂ ಬೀಳಗಿಗೂ ನೇರ ಮಾತುಕತೆ ಏರ್ಪಡಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಬೀಳಗಿಯಲ್ಲಿ ಜಮಖಂಡಿಯ ದಾರಿ ಕಾಣಿಸಿತು!

ಗೆದ್ದೆ. ಆದರೆ ಬೆನ್ನು ತಟ್ಟಲು ಮನೆಯಲ್ಲಿ ಯಾರೂ ಇರಲಿಲ್ಲ. ಇವತ್ತೊಂದು ಹೊತ್ತಾದರೂ ನಾಲ್ಕು ಮಂದಿಯ ಜೊತೆ ಕುಳಿತು ಉಣ್ಣಬೇಕು ಎಂದು ಜೀವ ಹಂಬಲಿಸಿತು. ಗೋಧಿ ಹುಗ್ಗಿ ಮಾಡಿ ಇಡೀ ಓಣಿಯನ್ನು ಊಟಕ್ಕೆ ಕರೆಯುವುದೆಂದು ಅಲ್ಲೇ ತೀರ್ಮಾನಿಸಿದೆ. ಶಿವಕ್ಕನ ಮನೆಯಿಂದಲೇ ದೊಡ್ಡ ಪಾತೇಲಿ ತಂದೆ.

"ಸಂಜಿಕ ನಮ್ಮಲ್ಲೇ ಊಟ ಅಕ್ಕಾರ. ಓಣಿ ಮಂದಿಗೆಲ್ಲ ಹೇಳಿಬಿಡ್ರಿ," ಎಂದೆ. ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಆಗಲೇ ಪಾತೇಲಿ ಹೊತ್ತು ಮನೆ ಸೇರಿದ್ದೆ.

ಸಂಜೆ ಚಾಪೆ ಹಾಸಿದೆ. ತಾಟು ಸಾಲದೆ ಬಾಳೆ ಎಲೆ ತಂದೆ. ಹೊರಗೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಎದ್ದು ನಿಂತೆ. ಹೆಜ್ಜೆಗಳು ಮುಂದೆ ಹೋದವು. ಬಂದವರು ಶಿವಕ್ಕ ಒಬ್ಬರೇ.

"ಉಳಿದವ್ರು ಎಲ್ಲಿ ಅಕ್ಕಾರ? ನೀವು ಹೇಳಲಿಲ್ಲೇನ್ರಿ?"

"ಅಯ್ಯ, ನಿಮ್ಮನಿ ಊಟಕ್ಕ ನಾ ಹೆಂಗ ಹೇಳಲಿರಿ? ನೀವ ಬಾಗಲಕ್ಕ ಹೋಗಿ ಕರೀಬೇಕು. ನಾ ಕರದ್ರ, ‘ಆ ಮಾಸ್ತರಗ ಬಾಯಿ ಇಲ್ಲೇನು?’ ಅಂತಾರ ಮಂದಿ."

ಮಧ್ಯಾಹ್ನವಷ್ಟೇ ಇದೇ ನಿಯಮ ಕಂಡುಹಿಡಿದು ಕುಣಿದಾಡಿದ್ದ ಮಹಾಪಂಡಿತ ಸೌಟು ಹಿಡಿದು ನಿಂತಿದ್ದ! ಕರೆಯುವ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ಮನೆಮನೆಗೆ ಹೋಗಿ ಕರೆಯುವವಳು ಯಾವಾಗಲೂ ಸುನಂದಾ. ನಾನು ಉಣ್ಣುವವನು, ಅಷ್ಟೇ. ಶಿವಕ್ಕ ಒಂದು ತುತ್ತು ಹುಗ್ಗಿ ಬಾಯಿಗೆ ಹಾಕಿಕೊಂಡು, ಮನೆಯಲ್ಲಿ ರೊಟ್ಟಿ ಬಡಿಯುವುದಿದೆ ಎಂದು ಹೋದರು. ಈಗ ಹೋಗಿ ಕರೆಯೋಣವೆಂದು ಹೊರಬಿದ್ದರೆ ಮನೆಮನೆಯಲ್ಲೂ ಜನ ಉಂಡು ಕೈ ತೊಳೆಯುತ್ತಿದ್ದರು. ನಾನೂ ಮರಳಿ ಬಂದು ಒಬ್ಬನೇ ಎಲೆಯ ಮುಂದೆ ಕುಳಿತೆ. ಪಕ್ಕದ ಎಲೆಗಳು ಗಾಳಿಗೆ ಹಾರತೊಡಗಿದವು. ಅವುಗಳ ಮೇಲೆ ಒಂದೊಂದು ಲೋಟ ಇಟ್ಟೆ.

ಫೋನ್ ಬಂತು. ಸುನಂದಾ.

"ಊಟ ಆತೇನ್ರಿ?"

ನಡೆದದ್ದೆಲ್ಲವನ್ನೂ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ ದನಿ ಸಣ್ಣದಾಯಿತು.

"ನನಗೂ ರಜಾ ಇತ್ತಲ್ರಿ ಇವತ್ತು. ಒಂದ್ ಮಾತು ಬಾ ಅಂದಿದ್ರ ಮುಂಜಾನಿ ಬಸ್ಸಿಗೆ ಬರತಿದ್ದೆ."

ಲ್ಯಾಪ್‌ಟಾಪ್ ಇನ್ನೂ ಬೆಳಗುತ್ತಿತ್ತು. ಅಲ್ಲಿ ಬೀಳಗಿಗೆ ಜಮಖಂಡಿಯ ದಾರಿ ಸ್ಪಷ್ಟವಾಗಿ ಗೊತ್ತಿತ್ತು. ‘ನೀ ಇಲ್ಲದ ಮನಿ ಬಿಕೋ ಅಂತೈತಿ, ಬಂದಬಿಡು’ ಎನ್ನಬೇಕು. ಇದಕ್ಕೆ ಶಿವಕ್ಕನನ್ನು ಕಳಿಸಲು ಬರುವುದಿಲ್ಲ. ಗಂಟಲು ಸರಿಮಾಡಿಕೊಂಡೆ. ಎಲ್ಲ ಧೈರ್ಯ ಒಟ್ಟುಗೂಡಿಸಿದೆ.

"ಹುಗ್ಗಿಗೆ ಬೆಲ್ಲ ಜಾಸ್ತಿ ಆಗೇತಿ," ಎಂದೆ!